ನಾವು ಕೂತ ಮೇಲೆ ಬಿಗಿಯುವ ಬೋಲ್ಟು

ನಮ್ಮ ಮನೆಯ ಅಂಗಳದಲ್ಲಿ ತುಳಸಿಕಟ್ಟೆ ಇರಬೇಕಾದ ಜಾಗದಲ್ಲಿ ಒಂದು ಗುಂಡಿ ಇತ್ತು. ಆಳು ಇಳಿದರೆ ಎದೆಮಟ್ಟ ಬರುವಷ್ಟು ಆಳ, ಒಬ್ಬರು ಹಿಂದೆ ಮುಂದೆ ಓಡಾಡುವಷ್ಟು ಅಗಲ, ಒಂದು ಕಾರಿನುದ್ದ. ಎರಡೂ ಅಂಚಿಗೆ ಕಪ್ಪು ಸೈಜುಗಲ್ಲು. ಚಳ್ಳಕೆರೆಯಲ್ಲಿ ಈ ಮನೆ ಕಟ್ಟುವಾಗ ಅಪ್ಪ ಮೊದಲು ತೋಡಿಸಿದ್ದೇ ಈ ಗುಂಡಿಯನ್ನು. ಬಚ್ಚಲಿಗೆ ಗೋಡೆ ಬಂದದ್ದು ಆಮೇಲೆ. ಅಲ್ಲಿಯವರೆಗೆ ಅವ್ವ ಮತ್ತು ಅಜ್ಜಿ ಗೋಣಿಚೀಲದ ಮರೆಯಲ್ಲಿ ಸ್ನಾನ ಮಾಡಿದರು. ಆ ಮಾತು ಬರದ ಜಗಳ ನಮ್ಮ ಮನೆಯಲ್ಲಿ ನಡೆದದ್ದೇ ಇಲ್ಲ. ಒಲೆಯ ಮೇಲೆ ಮುದ್ದೆಗೆ ಎಸರು ಕುದಿಯುತ್ತಿರಲಿ, ಅಜ್ಜಿ ಎಲೆಅಡಿಕೆ ಹಾಕಿಕೊಂಡು ಹೊಸ್ತಿಲ ಮೇಲೆ ಕೂತಿರಲಿ, ಮಾತು ತಿರುಗಿ ತಿರುಗಿ ಗುಂಡಿಗೇ ಬಂದು ಬೀಳುತ್ತಿತ್ತು.

"ಗುಂಡಿ ಬಿಟ್ಟು ಗುಂಡಿಗೇ ಬಂದೆ ನಾನು," ಎನ್ನುತ್ತಿದ್ದಳು ಅವ್ವ.

ಅವ್ವ ಮೊಳಕಾಲ್ಮೂರಿನವಳು. ಅವಳ ತವರಿನಲ್ಲಿ ರೇಷ್ಮೆ ಸೀರೆ ನೇಯುವ ಗುಂಡಿಮಗ್ಗ. ನೇಯುವವರು ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂರುತ್ತಾರೆ, ಮಗ್ಗ ಅವರ ಎದೆಯ ಮುಂದೆ ಬಡಿಯುತ್ತಿರುತ್ತದೆ. ಅಲ್ಲಿ ಮನೆಮಾತು ತೆಲುಗು. ಸಿಟ್ಟು ಬಂದಾಗ ಅವ್ವನ ಬಾಯಲ್ಲಿ ಈಗಲೂ ಕನ್ನಡ ನಿಲ್ಲುವುದಿಲ್ಲ, ತೆಲುಗು ನುಗ್ಗುತ್ತದೆ. ನಾನು ಶಾಲೆಯಲ್ಲಿ ಕನ್ನಡ ಕಲಿತೆ, ಜಗಳದಲ್ಲಿ ತೆಲುಗು ಕಲಿತೆ.

ಅಪ್ಪ ಕಾರಿನ ಅಡಿಯ ಕೆಲಸದ ಮೇಸ್ತ್ರಿ. ಎಂಜಿನ್ ಮುಟ್ಟುತ್ತಿರಲಿಲ್ಲ, ಬಣ್ಣ ಮುಟ್ಟುತ್ತಿರಲಿಲ್ಲ. ಅವನ ಕಡೆ ಬರುತ್ತಿದ್ದುದೆಲ್ಲ ಬುಷ್ ಸವೆದ ಗಾಡಿಗಳು. ಬುಷ್ ಎಂದರೆ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಕಾರಿನ ಚಕ್ರವನ್ನು ಗಾಡಿಯ ಮೈಗೆ ಹಿಡಿದಿಡುವ ಕಬ್ಬಿಣದ ತೋಳೊಂದು ಇರುತ್ತದೆ. ಗ್ಯಾರೇಜಿನವರು ಅದಕ್ಕೆ ಆರ್ಮ್ ಅನ್ನುತ್ತಾರೆ. ತೋಳು ಮೈಗೆ ಸೇರುವ ಕೀಲಿನಲ್ಲಿ ಒಳಗೊಂದು ಕೊಳವೆ, ಹೊರಗೊಂದು ಕೊಳವೆ, ನಡುವೆ ದಪ್ಪ ರಬ್ಬರು. ಅದೇ ಬುಷ್. ಕಬ್ಬಿಣಕ್ಕೆ ಕಬ್ಬಿಣ ತಾಗದಂತೆ ನಡುವೆ ಕೂತು ರಸ್ತೆಯ ಏಟನ್ನೆಲ್ಲ ರಬ್ಬರು ತಿನ್ನುತ್ತದೆ. ನಮ್ಮ ಕಡೆಯ ಬಿಸಿಲಿಗೆ ಅದು ಬಿರಿಯುತ್ತದೆ, ರಾಂಪುರದ ರಸ್ತೆಗೆ ಹರಿಯುತ್ತದೆ. ಆಗ ಹಂಪ್ ಹತ್ತಿ ಇಳಿದಾಗಲೆಲ್ಲ ಅಡಿಯಲ್ಲಿ ‘ಕಟಕ್’ ಅನ್ನುತ್ತದೆ, ಸ್ಟೇರಿಂಗ್ ಒಂದು ಕಡೆ ಎಳೆಯುತ್ತದೆ, ಟೈರು ಒಳಮಗ್ಗುಲಲ್ಲಿ ಬೋಳಾಗುತ್ತದೆ. ಹಳೆಯದನ್ನು ಸುಟ್ಟು ಕೀಳಬೇಕು, ಹೊಸದಕ್ಕೆ ಸಾಬೂನು ನೀರು ಸವರಿ, ವೈಸಿನ ಕಬ್ಬಿಣದ ದವಡೆಯಲ್ಲಿಟ್ಟು ನೇರವಾಗಿ ಒತ್ತಿ ಕೂರಿಸಬೇಕು. ಒಂದಿಷ್ಟು ಓರೆಯಾದರೂ ರಬ್ಬರು ಸೀಳುತ್ತದೆ.

ಕಿತ್ತ ಬುಷ್‌ಗಳು ನಮ್ಮ ಮನೆಯ ಸಾಮಾನಾಗುತ್ತಿದ್ದವು. ಮಂಚದ ಕಾಲಿಗೆ ಬುಷ್, ಬಾಗಿಲು ಬಡಿಯದಂತೆ ಸಂದಿಗೆ ಬುಷ್, ಅಜ್ಜಿಯ ಊರುಗೋಲಿನ ತುದಿಗೆ ಬುಷ್. ಅಡುಗೆಮನೆಗೂ ಅಪ್ಪನ ವೈಸಿಗೂ ನಡುವೆ ಇದ್ದುದು ಒಂದೇ ಗೋಡೆ. ಎಣ್ಣೆಮಿಲ್ಲಿನ ಕಡೆಯಿಂದ ಗಾಳಿ ಬೀಸಿದರೆ ಶೇಂಗಾಎಣ್ಣೆಯ ವಾಸನೆ, ಬೀಸದಿದ್ದರೆ ಸುಟ್ಟ ರಬ್ಬರಿನ ವಾಸನೆ. ನನ್ನ ಸಮವಸ್ತ್ರಕ್ಕೂ ಅದೇ ವಾಸನೆ. ಬೆಂಚಿನಲ್ಲಿ ಪಕ್ಕದ ಹುಡುಗಿಯರು ಸರಿದು ಕೂರುತ್ತಿದ್ದರು. ಸರಿದು ಕೂತರೆ ನನಗೆ ಬರೆಯಲು ಜಾಗ ಹೆಚ್ಚು ಸಿಗುತ್ತಿತ್ತು. ಅಷ್ಟೇ.

ಈಚೆಗೆ ಕಾಲೇಜೊಂದಕ್ಕೆ ಮಾತಾಡಲು ಕರೆದಿದ್ದರು. ಇಷ್ಟನ್ನೆಲ್ಲ ಹೇಳಿದಾಗ ಅಲ್ಲಿದ್ದವರೊಬ್ಬರು, "ಮನೆಯ ಹೆಂಗಸರೂ ಬುಷ್ ಇದ್ದಂತೆ ಅಲ್ಲವೇ ಮೇಡಂ, ಏಟು ತಿಂದು ಸಂಸಾರ ನಡೆಸುತ್ತಾರೆ" ಅಂದರು. ಚಪ್ಪಾಳೆಯೂ ಬಿತ್ತು. ನನಗೆ ಮೈ ಉರಿಯಿತು. ನಮ್ಮವ್ವ ಯಾರ ನಡುವೆಯೂ ಮೆತ್ತಗೆ ಕೂತು ಏಟು ತಿಂದವಳಲ್ಲ. ಅವಳು ಕೂರುವುದಕ್ಕೂ ಕೂರದಿರುವುದಕ್ಕೂ ಬೇರೆಯೇ ಬೆಲೆ ಇತ್ತು. ಅದನ್ನು ಹೇಳುವುದಕ್ಕೇ ನನ್ನ ಕತೆಯ ಈ ಅಧ್ಯಾಯ ಬರೆಯುತ್ತಿದ್ದೇನೆ.

ಅಪ್ಪ ಕೆಲಸ ಕಲಿತದ್ದು ಬಳ್ಳಾರಿಯ ಒಬ್ಬ ಉಸ್ತಾದರ ಹತ್ತಿರ. ಅವರು ಕಲಿಸಿದ ಒಂದು ನೇಮವನ್ನು ಅಪ್ಪ ದೇವರ ದೀಪದಂತೆ ಕಾಪಾಡಿಕೊಂಡು ಬಂದಿದ್ದ. ಹೊಸ ಬುಷ್ ಹಾಕಿ ಆರ್ಮ್ ಸೇರಿಸಿದ ಮೇಲೆ ಬೋಲ್ಟನ್ನು ಬರಿ ಕೈಯಲ್ಲಿ ತಿರುಗಿಸಿ ಬಿಡಬೇಕು, ಬಿಗಿ ಮಾಡಬಾರದು. ಜಾಕಿ ಇಳಿಸಿ, ಗಾಡಿ ತನ್ನ ಚಕ್ರದ ಮೇಲೆ ನಿಂತು, ರಸ್ತೆಯ ಮೇಲೆ ಹೇಗೆ ಭಾರ ಹೊತ್ತು ಓಡುತ್ತದೋ ಹಾಗೆ ಭಾರ ಹೊತ್ತಾಗಲೇ ಕೊನೆಯ ಬಿಗಿ. ಚಕ್ರ ಗಾಳಿಯಲ್ಲಿ ಜೋತಾಡುವಾಗ ಬಿಗಿದರೆ ರಬ್ಬರು ಆ ಜೋತ ಸ್ಥಿತಿಯಲ್ಲೇ ಹಿಡಿದುಕೊಳ್ಳುತ್ತದೆ. ಗಾಡಿ ನೆಲಕ್ಕಿಳಿದ ಕ್ಷಣದಿಂದ ಕತ್ತು ತಿರುಚಿದ ಹಾಗೆ ತಿರುಚಿಕೊಂಡೇ ಇರುತ್ತದೆ, ಬೇಗ ಹರಿಯುತ್ತದೆ. ಬೇರೆ ಗ್ಯಾರೇಜುಗಳಲ್ಲಿ ಜಾಕಿ ಇಳಿಸಿ ಬಿಗಿಯುತ್ತಿದ್ದರು, ಅಷ್ಟಕ್ಕೇ ಬಿಡುತ್ತಿದ್ದರು. ಅಪ್ಪನಿಗೆ ಅದು ಸಾಲದು. ಕಾರಿನೊಳಗೆ ಜನ ಕೂರಬೇಕು. ಕಲ್ಲು ಇಟ್ಟರೆ ಸೀಟು ಹರಿಯುತ್ತದೆ, ಮೂಟೆ ಇಟ್ಟರೆ ಧೂಳು. ಜನ ಎಂದರೆ ಎಲ್ಲಿಂದ ತರುವುದು? ಮನೆಯಲ್ಲಿದ್ದೆವಲ್ಲ.

"ಬರ್ರೇ, ಕೂತ್ಕೊಳ್ರಿ," ಎಂದು ಅಪ್ಪ ಗುಂಡಿಯೊಳಗಿಂದ ಕೂಗಿದರೆ ಒಲೆ ತಗ್ಗಿಸಿ ನಾವು ಹೊರಡಬೇಕು. ಅವ್ವ ಹಳೆಯ ಸೀರೆ ತಂದು ಸೀಟಿನ ಮೇಲೆ ಹಾಸುತ್ತಿದ್ದಳು, ಕಾರಿನ ಯಜಮಾನರ ಸೀಟಿಗೆ ನಮ್ಮ ಮನೆಯ ಹಿಟ್ಟು ಅಂಟಬಾರದೆಂದು. ಮುಂದಿನ ಸೀಟು ಅಜ್ಜಿಯದು, ಅದನ್ನು ಆಕೆ ಯಾರಿಗೂ ಬಿಡುತ್ತಿರಲಿಲ್ಲ. ಹಿಂದೆ ಅವ್ವ ಮತ್ತು ನಾನು. ಅವ್ವ ಮಡಿಲಲ್ಲಿ ಶೇಂಗಾ ಸುಲಿಯುತ್ತಿದ್ದಳು, ನಾನು ಮಗ್ಗಿ ಹೇಳುತ್ತಿದ್ದೆ, ಆಮೇಲಾಮೇಲೆ ವಿಜ್ಞಾನದ ಪುಸ್ತಕ ಓದುತ್ತಿದ್ದೆ. ನನ್ನ ಓದೆಲ್ಲ ಬೇರೆಯವರ ಕಾರಿನ ಹಿಂದಿನ ಸೀಟಿನಲ್ಲೇ ಆಗಿದೆ. ದಾರಿಯಲ್ಲಿ ಹೋಗುವವರು ನಿಂತು ನಗುತ್ತಿದ್ದರು.

"ಏನಜ್ಜಿ, ಎಲ್ಲಿಗ್ ಹೊಂಟ್ರಿ ಸಂಸಾರ ಸಮೇತ?"

"ಡೆಲ್ಲಿಗೆ ಕಣಪ್ಪಾ. ಬರ್ತೀಯಾ? ಡಿಕ್ಕಿ ಖಾಲಿ ಐತೆ."

ಚಳ್ಳಕೆರೆಯ ಎಲ್ಲ ಕಾರುಗಳಲ್ಲಿ ಅಜ್ಜಿ ಕೂತಿದ್ದಾಳೆ, ಒಂದರಲ್ಲೂ ಎಲ್ಲಿಗೂ ಹೋಗಿಲ್ಲ. "ಸಾಯೋದ್ರೊಳಗೆ ಒಂದಾದ್ರೂ ಮುಂದಕ್ಕೆ ಉರುಳ್ಲಿ ಕಣ್ಲಾ" ಎಂದು ಮಗನನ್ನು ಕೆಣಕುತ್ತಿದ್ದಳು. ಕೆಳಗಿನಿಂದ ಅಪ್ಪನ ಉತ್ತರ ಯಾವಾಗಲೂ ಒಂದೇ.

"ಅಲ್ಲಾಡಬ್ಯಾಡ್ರಿ!"

ನಾವು ಉಸಿರು ಹಿಡಿಯುತ್ತಿದ್ದೆವು. ನಮ್ಮ ಕಾಲ ಕೆಳಗೆ ಬೋಲ್ಟು ಬಿಗಿಯುವ ಪಾನಾ ಕಿರುಗುಟ್ಟುತ್ತಿತ್ತು. ಆ ಸದ್ದು ನಿಂತರೆ ಕೆಲಸ ಮುಗಿದ ಹಾಗೆ. ಅವ್ವ ಸೀರೆ ಕೊಡವಿ ಮಡಿಚಿ, ಶೇಂಗಾ ಸಿಪ್ಪೆ ಒಂದೂ ಬೀಳದಂತೆ ನೋಡಿಕೊಂಡು ಇಳಿಯುತ್ತಿದ್ದಳು.

ನನ್ನ ಕೈ ಸಣ್ಣದು, ಬೆರಳು ಉದ್ದ. ಶಾಲೆ ಬಿಟ್ಟು ಬಂದ ಮೇಲೆ ವೈಸಿನ ಮುಂದೆ ನಿಲ್ಲುತ್ತಿದ್ದೆ. ಹೈಸ್ಕೂಲು ಸೇರುವ ಹೊತ್ತಿಗೆ ಬುಷ್ ಒತ್ತುವುದು ನನಗೆ ಬಂದಿತ್ತು, ಮೂರು ವರ್ಷದಲ್ಲಿ ಚೆನ್ನಾಗಿಯೇ ಬಂದಿತ್ತು. ಯಾರೂ ಬಲವಂತ ಮಾಡಿದ್ದಲ್ಲ. ಓರೆಯಿಲ್ಲದೆ ಕೂತ ಬುಷ್ ನೋಡಿದರೆ ನನಗೆ ಖುಷಿಯಾಗುತ್ತಿತ್ತು, ಈಗಲೂ ಆಗುತ್ತದೆ. ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದಾಗ ಬೀದಿಗೆಲ್ಲ ಮಂಡಕ್ಕಿ ಹಂಚಿದವನು ಅಪ್ಪನೇ. ಆ ದಿನ ಊಟಕ್ಕೆ ಕೂತಾಗ, ಉಪ್ಪೆಸರಿಗೆ ಮುದ್ದೆ ಅದ್ದುತ್ತ ಅವನೇ ಮಾತು ತೆಗೆದ.

"ಸಾಕಲ್ಲೇನಮ್ಮ ಓದಿದ್ದು. ಇನ್ನು ಪೂರ್ತಿ ಇಲ್ಲೇ ನಿಂತ್ಕ. ನಿನ್ನಂಗೆ ಬುಷ್ ಕೂರ್ಸೋ ಗಂಡಸು ಚಳ್ಳಕೆರೆಯಾಗೆ ಇಲ್ಲ."

"ನಾನು ಸೈನ್ಸ್ ಸೇರ್ತೀನಪ್ಪಾ. ಆಮೇಲೆ ಎಂಜಿನಿಯರಿಂಗ್."

"ಎಂಜಿನಿಯರ್ ಆಗಿ ಏನ್ ಮಾಡ್ತೀಯಾ? ಇದೇ ಕೆಲ್ಸ ತಾನೆ? ಕೈಗೆ ಬಂದಿರೋದನ್ನ ಓದಾಕೆ ಯಾಕೆ ಹೋಗ್ಬೇಕು?"

ಅಪ್ಪ ಕೆಟ್ಟವನಲ್ಲ. ಹೆಣ್ಣು ಓದಬಾರದು ಎಂದವನೂ ಅಲ್ಲ. ನನ್ನ ಕೆಲಸ ಅವನಿಗೆ ಇಷ್ಟವಾಗಿತ್ತು, ಅದೇ ಅಪಾಯ. ಅವ್ವ ಒಲೆಯ ಮುಂದಿನಿಂದ ಎದ್ದು ಬಂದು, ಸೌಟು ಕೈಯಲ್ಲಿ ಹಿಡಿದೇ ನಿಂತಳು.

"ಕೈ ಚೆನ್ನಾಗೈತೆ ಅಂತಾನೇ ನನ್ನ ಶಾಲೆ ಬಿಡ್ಸಿದ್ರು, ನೋಡ್ರಿ. ಮಗು ಕಂಡಿಕೆಗೆ ದಾರ ಎಷ್ಟು ನೀಟಾಗಿ ಸುತ್ತುತೈತೆ ಅಂತ ಬಂದೋರೆಲ್ಲ ಹೊಗಳಿದ್ರು. ಹೊಗಳಿ ಹೊಗಳಿ ಮೂಲ್ಯಾಗೆ ಕೂರ್ಸಿದ್ರು. ನಾನು ದಾರ ಸುತ್ತಿದೆ, ಸೀರೆ ನೇಯ್ದೋನು ಅಣ್ಣ ಅಂತ ಹೆಸರಾತು. ನನ್ನ ಮಗಳ್ನೂ ಹೊಗಳ್ತಿದೀರಾ ಈಗ?"

"ಅದೂ ಇದೂ ಒಂದೇನೇ?"

"ಒಂದೇ! ಅಲ್ಲೂ ಗುಂಡಿ, ಇಲ್ಲೂ ಗುಂಡಿ."

ಅಪ್ಪ ತಟ್ಟೆಯಲ್ಲೇ ಕೈ ತೊಳೆದು ಎದ್ದ. ಅವ್ವ ಅವನ ಬೆನ್ನಿಗೆ ಹೇಳಿದಳು, "ಅವ್ಳು ಕಾಲೇಜಿಗೆ ಹೋಗೋವರ್ಗೂ ನಿಮ್ಮ ಕಾರಿನಾಗೆ ನೇನು ಕೂಚೋನು. ಕೂರಲ್ಲ."

ಮರುದಿನ ಅಪ್ಪ "ಬರ್ರೇ" ಎಂದು ಕೂಗಿದ. ಅವ್ವ ಅಡುಗೆಮನೆಯ ಬಾಗಿಲಲ್ಲಿ ನಿಂತಳೇ ಹೊರತು ಹೊಸ್ತಿಲು ದಾಟಲಿಲ್ಲ. ನಾನೂ ಅವಳ ಪಕ್ಕಕ್ಕೆ ನಿಂತೆ. ಅಜ್ಜಿ ಮಾತ್ರ ಮಗನ ಕಡೆ. ಊರುಗೋಲು ಊರಿಕೊಂಡು ಹೋಗಿ ಮುಂದಿನ ಸೀಟಿನಲ್ಲಿ ರಾಣಿಯಂತೆ ಕೂತಳು. ಒಬ್ಬಳೇ ಎಷ್ಟು ಹೊತ್ತು ಕೂತಾಳು? ಮಾತಿಗೆ ಜನವಿಲ್ಲ, ಸುಲಿದ ಶೇಂಗಾ ಇಲ್ಲ. "ಒಬ್ಳೇ ಕೂತ್ರೆ ಹೆಣ ಕಾದಂಗಾಗುತ್ತೆ, ನನ್ ಕೈಲಾಗಲ್ಲ ಹೋಗ್ಲಾ" ಎಂದು ಅವಳೂ ಇಳಿದು ಬಂದಳು. ಅಪ್ಪ ಹಟಮಾರಿ. ಬೀದಿಯಲ್ಲಿ ಯಾರನ್ನಾದರೂ ಕರೆದಿದ್ದರೆ ಬರುತ್ತಿದ್ದರು. ಕರೆದರೆ ಯಾಕೆ ಎಂದು ಹೇಳಬೇಕಾಗುತ್ತಿತ್ತು. ಹೆಂಡತಿ ಕೂರುತ್ತಿಲ್ಲ ಎಂದು ಯಾವ ಬಾಯಲ್ಲಿ ಹೇಳುವುದು!

ಆ ದಿನಗಳಲ್ಲೇ ರಾಂಪುರದ ಸಾಹುಕಾರರ ಬಿಳಿ ಕಾರು ಬಂತು. ಊರೂರು ಸುತ್ತಿ ಈರುಳ್ಳಿ ಕೊಳ್ಳುವ ದೊಡ್ಡ ಮನುಷ್ಯ. ಜೋರು ದನಿ. ಮುಂದಿನ ಎರಡೂ ಆರ್ಮಿನ ಬುಷ್ ಹೋಗಿದ್ದವು. ಹಾಗೆ ನೋಡಿದರೆ ನಾನು ಆ ಕೆಲಸ ಮಾಡಬೇಕಾಗಿರಲಿಲ್ಲ. ಆದರೂ ಮಾಡಿದೆ, ಕೂರುವುದಿಲ್ಲ ಎಂದಿದ್ದೆನೇ ಹೊರತು ಬುಷ್ ಒತ್ತುವುದಿಲ್ಲ ಎಂದಿರಲಿಲ್ಲ. ಒಂದೊಂದನ್ನೂ ನೇರವಾಗಿ ಕೂರಿಸಿ ಕೊಟ್ಟೆ. ಅಪ್ಪ ಆರ್ಮ್ ಸೇರಿಸಿದ. ಗಾಡಿ ಇನ್ನೂ ಜಾಕಿಯ ಮೇಲಿತ್ತು, ಚಕ್ರ ಜೋತುಬಿದ್ದಿತ್ತು. ಅಪ್ಪ ನಮ್ಮ ಕಡೆ ನೋಡಿದ. ಅವ್ವ ಬಾಗಿಲಲ್ಲಿ ಅಲುಗಲಿಲ್ಲ. ಅವನು ಜಾಕಿಯನ್ನು ಇಳಿಸಲೇ ಇಲ್ಲ. ನಮ್ಮನ್ನು ನೋಡುತ್ತಲೇ ಪಾನಾಕ್ಕೆ ಕೈ ಹಾಕಿ, ಚಕ್ರ ಜೋತಾಡುತ್ತಿರುವಾಗಲೇ ಬೋಲ್ಟುಗಳನ್ನು ಬಿಗಿದ. ಕಿರ್ರ್ ಎಂದು ಸದ್ದು ಬಂದಾಗ ಅಜ್ಜಿ "ಏ ಏ" ಅಂದಳು. ಉಸ್ತಾದರ ನೇಮವನ್ನು ಅಪ್ಪ ಮುರಿದದ್ದನ್ನು ನಾನು ನೋಡಿದ್ದು ಅದೊಂದೇ ಸಲ. ನಮಗೆ ತೋರಿಸುವುದಕ್ಕಾಗಿ ಮುರಿದ.

ಸಾಹುಕಾರರು ಮರಳಿ ಬರಲು ಬಹಳ ದಿನ ಹಿಡಿಯಲಿಲ್ಲ. ಕಾಲೇಜಿನ ಪ್ರವೇಶ ಇನ್ನೂ ಮುಗಿದಿರಲಿಲ್ಲ, ನಮ್ಮ ಮನೆಯಲ್ಲಿ ಆ ಮಾತನ್ನು ಯಾರೂ ಎತ್ತುತ್ತಿರಲಿಲ್ಲ. ಮಟಮಟ ಮಧ್ಯಾಹ್ನ. ಕಾರಿನಿಂದ ಇಳಿಯುವ ಮೊದಲೇ ಶುರು ಮಾಡಿದರು.

"ಏನ್ ಮೇಸ್ತ್ರಿ ಇದು! ಹಂಪ್ ಬಂದ್ರೆ ಕಟಕ್ ಕಟಕ್ ಅಂತೈತೆ, ಹಳೇದೇ ವಾಸಿ ಇತ್ತು. ಹೆಣ್ಣುಡ್ಗಿ ಕೈಲಿ ಬುಷ್ ಹೊಡ್ಸಿದ್ರೆ ಇನ್ನೇನಾಗುತ್ತೆ? ಬಳೆ ತೊಡ್ಸಿದಂಗೆ ತೊಡ್ಸಿರ್ತಾಳೆ."

ಬೀದಿಯಲ್ಲಿ ನಾಲ್ಕು ಜನ ನಿಂತರು. ಯಾರೋ ನಕ್ಕರು. ನಾನು ಅಪ್ಪನ ಮುಖ ನೋಡಿದೆ. ಅಪ್ಪ ಪಾನಾ ಒರೆಸುತ್ತ ತಲೆ ತಗ್ಗಿಸಿದ್ದ. ಒಂದು ಮಾತು, ಒಂದೇ ಒಂದು ಮಾತು ಆಡಲಿಲ್ಲ. ಆ ಸುಮ್ಮನಿರುವಿಕೆಯಲ್ಲಿ ನನ್ನ ಹೆಸರು ಹೋಗುತ್ತಿತ್ತು. ಇವತ್ತು ಈ ತಪ್ಪು ನನ್ನ ತಲೆಗೆ ಬಂದರೆ ಇನ್ನು ಆ ಬೀದಿಯಲ್ಲಿ ನಾನು ಕಾಲೇಜಿಗೂ ಇಲ್ಲ, ಗುಂಡಿಗೂ ಇಲ್ಲ. ಓದಲು ಬಿಡದವರು, ಕೆಲಸವನ್ನೂ ಬಿಡಿಸುತ್ತಾರೆ. ನಾನು ಲಂಗ ಎತ್ತಿ ಸೊಂಟಕ್ಕೆ ಸಿಕ್ಕಿಸಿ ಜಾಕಿ ಹಾಕಿದೆ. ಯಾರನ್ನೂ ಕೇಳಲಿಲ್ಲ. ಎಡಗಡೆಯ ಆರ್ಮ್ ಬಿಚ್ಚಿ ತಂದು ಸಾಹುಕಾರರ ಮುಂದೆ ಸೈಜುಗಲ್ಲಿನ ಮೇಲಿಟ್ಟೆ.

"ನೋಡ್ರಿ ಸಾವ್ಕಾರ್ರೆ. ಓರೆ ಐತಾ?"

ಅವರು ಬಗ್ಗಿ ನೋಡಿದರು. ಹೊರಗಿನ ಕೊಳವೆ ತನ್ನ ಜಾಗದಲ್ಲಿ ಸರಿಯಾಗಿ ಕೂತಿತ್ತು. ಒಳಗಿನ ರಬ್ಬರು ಮಾತ್ರ ಬಟ್ಟೆ ಹಿಂಡಿದ ಹಾಗೆ ಒಂದೇ ದಿಕ್ಕಿಗೆ ತಿರುಚಿ ಹರಿದಿತ್ತು.

"ನಾನು ಕೂರ್ಸಿದ್ದು ಕೂತಲ್ಲೇ ಐತೆ. ಇದು ತಿರುಚಿ ಹರಿದಿರೋದು. ಗಾಳಿಯಾಗೆ ಬಿಗಿ ಮಾಡಿದ್ರೆ ಹಿಂಗಾಗುತ್ತೆ. ಬಿಗಿ ಮಾಡಿದ್ದು ಯಾರು ಅಂತ ಅಪ್ಪನ್ನೇ ಕೇಳ್ರಿ."

ಮಗಳು ಅಪ್ಪನನ್ನು ಹಾಗೆ ನಾಲ್ಕು ಜನರೆದುರು ನಿಲ್ಲಿಸಬಾರದಿತ್ತು ಎಂದು ಈಗಲೂ ಹೇಳುವ ನೆಂಟರಿದ್ದಾರೆ. ನಾನು ನಿಲ್ಲಿಸಿದೆ. ಇನ್ನೊಮ್ಮೆ ಬಂದರೆ ಇನ್ನೊಮ್ಮೆ ನಿಲ್ಲಿಸುತ್ತೇನೆ. ಅಪ್ಪ ಆ ಆರ್ಮನ್ನು ಕೈಗೆ ತೆಗೆದುಕೊಂಡು ಹರಿದ ರಬ್ಬರನ್ನು ಹೆಬ್ಬೆರಳಲ್ಲಿ ತಿಕ್ಕಿದ.

"ಬಿಗಿ ಮಾಡಿದ್ದು ನಾನು," ಅಂದ. "ಜಾಕಿ ಇಳಿಸ್ದೆ ಬಿಗಿ ಮಾಡ್ದೆ. ಹುಡುಗಿ ಕೆಲ್ಸದಾಗೆ ತಪ್ಪಿಲ್ಲ."

"ಯಾಕ್ ಹಂಗ್ ಮಾಡ್ದೆ ಮತ್ತೆ?"

"ಭಾರ ಇರ್ಲಿಲ್ಲ."

ಹೊಸ ಜೊತೆ ಬುಷ್ ತೆಗೆದು ನಾನೇ ಒತ್ತಿದೆ, ಆರ್ಮ್ ಸೇರಿಸಿದೆ, ಬೋಲ್ಟುಗಳನ್ನು ಬರಿಗೈಯಲ್ಲಿ ತಿರುಗಿಸಿ ಬಿಟ್ಟೆ. ಜಾಕಿ ಇಳಿಸಿದೆವು. ಪಾನಾ ತೆಗೆದುಕೊಂಡು ನಾನೇ ಗುಂಡಿಗೆ ಇಳಿದೆ. ಅಪ್ಪ ಅವ್ವನ ಕಡೆ ತಿರುಗಿ "ಬಾ, ಕೂತ್ಕ" ಅಂದ. ಅವ್ವ ಇದ್ದಲ್ಲಿಂದ ಕದಲಲಿಲ್ಲ.

"ಕಾಲೇಜಿಗೆ ಸೇರಿಸ್ತೀನಿ ಅನ್ರಿ. ಕೂರ್ತೀನಿ."

ಸಾಹುಕಾರರಿಗೆ ತಾಳ್ಮೆ ಇರಲಿಲ್ಲ. "ಭಾರ ತಾನೇ ಬೇಕಿರೋದು? ನಾನೇ ಕೂರ್ತೀನಿ ಬಿಡು" ಎಂದು ಸ್ಟೇರಿಂಗಿನ ಮುಂದೆ ಕೂತರು. ಗಾಡಿ ಗುಪ್ಪೆಂದು ತಗ್ಗಿತು. ಮುಂದಿನ ಸೀಟು ಖಾಲಿ ಕಂಡು ಅಜ್ಜಿಗೆ ತಡೆಯಲಾಗಲಿಲ್ಲ, ಅವಳೂ ಹೋಗಿ ಪಕ್ಕದಲ್ಲಿ ಕೂತಳು. ಅಲ್ಲಿಗೆ ಅವ್ವನ ಹಟಕ್ಕೆ ಬೆಲೆಯೇ ಇಲ್ಲವಾಯಿತು. ಬಿಗಿಯಬಹುದಾಗಿತ್ತು. ಅವ್ವ ಗುಂಡಿಯ ಕಡೆ ತಿರುಗಿ ನಿಂತಳು, ಗಾಡಿಯ ಅಡಿಯ ಸಂದಿನಲ್ಲಿ ಅವಳ ಕಾಲು ಮಾತ್ರ ನನಗೆ ಕಾಣುತ್ತಿತ್ತು. ಕಾಲುಂಗುರದ ಬೆರಳನ್ನು ನೆಲಕ್ಕೆ ಒತ್ತಿ ಒತ್ತಿ ಬಿಳಿ ಮಾಡಿಕೊಂಡಿದ್ದಳು.

"ಬಿಗಿ ಮಾಡಮ್ಮ," ಅಂದ ಅಪ್ಪ.

"ಹಿಂದ್ಗಡೆ ಭಾರ ಇಲ್ಲ," ಅಂದೆ ಕೆಳಗಿನಿಂದ. "ಅವ್ವ ಕೂತ್ರೇ ಬಿಗಿಸ್ತೀನಿ. ಪಾನಾ ನನ್ನ ಕೈಯಾಗೈತೆ."

ಬಿಸಿಲು ಕಾರಿನ ಮೇಲೆ ಸುರಿಯುತ್ತಿತ್ತು. ಒಳಗೆ ಸಾಹುಕಾರರು ಬೇಯುತ್ತಿದ್ದುದು ಉಸಿರಿನಿಂದಲೇ ಕೇಳುತ್ತಿತ್ತು. ಅಜ್ಜಿ ಅವರಿಗೆ ಎಲೆಅಡಿಕೆ ಬೇಕಾ ಎಂದು ಕೇಳಿದಳು. ಅವರು ಬೇಡವೆಂದು, ಕಿಟಕಿಯಿಂದ ತಲೆ ಹೊರಗೆ ಹಾಕಿ ಕೂಗಿದರು.

"ಏ ಮೇಸ್ತ್ರಿ! ಸೇರ್ಸಪ್ಪಾ ಆ ಹುಡುಗೀನ ಕಾಲೇಜಿಗೆ, ನಾನು ರಾಂಪುರಕ್ಕೆ ಹೋಗ್ಬೇಕು!"

"ಸುಮ್ಕೆ ಕೂತ್ಕಳಪ್ಪಾ ನೀನು," ಅಂದಳು ಅಜ್ಜಿ. "ಇದು ಅಷ್ಟ್ ಸುಲಭವಾಗಿ ಹೊಂಡಾಂಗಿಲ್ಲ. ನನ್ನ ಕೇಳು." ಆಮೇಲೆ ಮಗನಿಗೆ ಕೇಳುವಂತೆ ದನಿ ಎತ್ತರಿಸಿ, "ಲೇ, ನಿಮ್ಮಪ್ಪ ನಿನ್ನ ಕೆಲ್ಸ ಕಲಿಯಾಕೆ ಬಳ್ಳಾರಿಗೆ ಕಳಿಸಿದಾಗ ನಾನು ಬ್ಯಾಡ ಅಂದಿದ್ನೇನೋ?"

ಅಪ್ಪನ ಚಪ್ಪಲಿಯ ಸದ್ದು ಮನೆಯೊಳಗೆ ಹೋಯಿತು. ಹಿಂದಿರುಗಿತು. ಕಾರಿನ ಹಿಂದಿನ ಬಾಗಿಲು ತೆರೆಯಿತು. ಅವನು ಅವ್ವನ ಹಳೆಯ ಸೀರೆಯನ್ನು ತಂದು ಸೀಟಿನ ಮೇಲೆ ತಾನೇ ಹಾಸುತ್ತಿದ್ದ. ಅಪ್ಪನಂಥವನಿಗೆ ಅದು ಸಣ್ಣ ಕೆಲಸವಲ್ಲ, ಬೀದಿಯ ಜನ ನೋಡುತ್ತಿದ್ದರು. ಬೇರೆ ಯಾವ ಹೆಂಗಸಾದರೂ ಅಷ್ಟಕ್ಕೆ ಕಣ್ಣೊರೆಸಿಕೊಂಡು ಹತ್ತಿ ಕೂರುತ್ತಿದ್ದಳೇನೋ. ನಮ್ಮವ್ವ ಕೂರಲಿಲ್ಲ.

"ಸೀರೆ ಹಾಸಿದ್ರೆ ಆಗಲ್ಲ ನೋಡ್ರಿ. ಬಾಯಿ ಬಿಟ್ಟು ಹೇಳ್ರಿ."

ನಾನು ಗುಂಡಿಯ ಗೋಡೆಗೆ ಬೆನ್ನು ಕೊಟ್ಟು ನಿಂತೆ. ಗ್ರೀಸಿನ ಹನಿಯೊಂದು ನನ್ನ ಹಣೆಗೆ ಬಿತ್ತು, ಒರೆಸಲಿಲ್ಲ. ಆಮೇಲೆ ಪಿಯುಸಿಯಲ್ಲಿ, ಎಂಜಿನಿಯರಿಂಗ್ ಕಾಲೇಜಿನಲ್ಲಿ, ತರಗತಿಗೊಬ್ಬಳೇ ಹುಡುಗಿಯಾಗಿ ಕೂತ ಬೆಂಚುಗಳಲ್ಲಿ ಎಷ್ಟೋ ಉತ್ತರಗಳಿಗೆ ಕಾದಿದ್ದೇನೆ. ನಮ್ಮ ಮನೆತನದಲ್ಲಿ ಪದವಿಯ ಕಾಗದ ಕಂಡ ಮೊದಲನೆಯವಳು ನಾನು. ಇವತ್ತು ಅದೇ ಗುಂಡಿಯ ಮೇಲೆ ಬಿ.ಇ. ಎಂದು ನನ್ನ ಹೆಸರಿನ ಬೋರ್ಡಿದೆ, ದೊಡ್ಡಉಳ್ಳಾರ್ತಿಯ ಕಡೆಯ ಹೊಸ ವಿಜ್ಞಾನ ಕ್ಯಾಂಪಸ್ಸಿನ ಕಾರುಗಳೂ ನನ್ನ ಹತ್ತಿರ ಬರುತ್ತವೆ. ಇಷ್ಟು ಓದಿ ಗುಂಡಿಗೆ ಇಳೀತೀಯಲ್ಲ ಎನ್ನುವವರಿಗೆ ನಾನು ಹೇಳುವುದು ಇಷ್ಟೇ: ಆಗ ನನ್ನನ್ನು ಇಲ್ಲಿ ನಿಲ್ಲಿಸಬೇಕೆಂದಿದ್ದರು, ಈಗ ನಾನು ನಿಂತಿದ್ದೇನೆ. ಎರಡೂ ಒಂದೇ ಅನ್ನಿಸಿದರೆ ಅದು ನಿಮ್ಮ ತೊಂದರೆ. ಆದರೆ ಆ ಮಧ್ಯಾಹ್ನ ಕಾದ ಹಾಗೆ ಮತ್ತೆ ಯಾವತ್ತೂ ಕಾದಿಲ್ಲ.

"ಸೇರಿಸ್ತೀನಿ," ಅಂದ ಅಪ್ಪ.

"ಯಾರಿಗೂ ಕೇಳ್ಲಿಲ್ಲ," ಅಂದಳು ಅವ್ವ.

"ಕಾಲೇಜಿಗೆ ಸೇರಿಸ್ತೀನಿ ಕಣೇ! ಸೈನ್ಸಿಗೇ ಸೇರಿಸ್ತೀನಿ! ಸಾಕಾ?"

ಕಾರು ಹಿಂದುಗಡೆ ಮೆಲ್ಲಗೆ ತಗ್ಗಿತು. ಅವ್ವ ಕೂತಳು. ಇನ್ನೊಂದು ಬಾಗಿಲು ತೆರೆದ ಸದ್ದಾಯಿತು, ಗಾಡಿ ಇನ್ನಷ್ಟು ತಗ್ಗಿತು. ನಾನು ಕೂರುತ್ತಿದ್ದ ಜಾಗದಲ್ಲಿ ಅಪ್ಪ ಕೂತಿದ್ದ. ನಾನು ಪಾನಾವನ್ನು ಬೋಲ್ಟಿಗೆ ಹಾಕಿದೆ. ಮೇಲೆ ಸಾಹುಕಾರರು ಸೀಟಿನಲ್ಲಿ ಹೊರಳಿದರು, ಅಜ್ಜಿ ಏನೋ ಹೇಳಿ ನಗಿಸಿದಳು.

"ಅಲ್ಲಾಡಬ್ಯಾಡ್ರಿ!" ಎಂದು ಕೂಗಿದೆ.

ಯಾರೂ ಅಲ್ಲಾಡಲಿಲ್ಲ. ನಾನು ಬಿಗಿದೆ.